ನಿನಗಾಗಿ ಐದು ನಿಮಿಷ

ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಕೈಗವಸು ಏರಿಸುವ ಮೊದಲೇ, ಮೂರನೆಯ ಶೆಡ್ಡಿನ ಮೂವತ್ತನಾಲ್ಕು ಹೆಂಗಸರು ಸಾಲುಗಟ್ಟಿ ನಿಂತು ಆ ವಾರದ ವಿಶ್ರಾಂತಿಗೆಲ್ಲ ಒಟ್ಟಿಗೆ ಸಹಿ ಹಾಕಿಬಿಡುತ್ತಿದ್ದರು. ಇನ್ನೂ ಹುಟ್ಟದ ಮಂಗಳವಾರಕ್ಕೆ, ಬುಧವಾರಕ್ಕೆ, ಶನಿವಾರಕ್ಕೆ. ದಿನಕ್ಕೆ ಎರಡರಂತೆ ಹನ್ನೆರಡು ಸಹಿ. ಹಾಳೆಯ ನೆತ್ತಿಯಲ್ಲಿ ಹಳದಿ ಅಕ್ಷರದಲ್ಲಿ ‘ನಿನಗಾಗಿ ಐದು ನಿಮಿಷ’ ಎಂದು ಅಚ್ಚಾಗಿತ್ತು. ಪಕ್ಕದಲ್ಲಿ ಕಣ್ಣು ಮುಚ್ಚಿ ನಗುವ ಒಂದು ಹೆಣ್ಣಿನ ಮುಖ. ಚಿತ್ರ ಬರೆದವನು ಕುತ್ತಿಗೆಯವರೆಗೆ ಮಾತ್ರ ಬರೆದಿದ್ದ. ಕೈಗಳನ್ನು ಬರೆಯುವ ಗೋಜಿಗೆ ಹೋಗಿರಲಿಲ್ಲ.

ಹಾಳೆ ಹಿಡಿದು ಸಾಲಿನ ಉದ್ದಕ್ಕೂ ನಡೆಯುತ್ತಿದ್ದವಳು ಎದಿಲ್ಮಾ. ಗುಲಾಬಿ ತೋಟಕ್ಕೆ ಬಂದು ಹನ್ನೊಂದು ವರ್ಷ, ಆ ಶೆಡ್ಡಿನ ವಿಶ್ರಾಂತಿಯ ಮುಖಂಡಳಾಗಿ ಮೂರು ವರ್ಷ. ಕಂಪನಿ ಅವಳ ತೋಳಿಗೊಂದು ಹಸಿರು ಪಟ್ಟಿ ಕಟ್ಟಿ, ಕೈಗೊಂದು ಪುಟ್ಟ ಸ್ಪೀಕರು ಕೊಟ್ಟಿತ್ತು. ಒಂಬತ್ತೂವರೆಗೊಮ್ಮೆ, ಎರಡೂವರೆಗೊಮ್ಮೆ ಅವಳು ಹಾಡು ಹಾಕಬೇಕು. ಎಲ್ಲರೂ ಕತ್ತರಿ ಕೆಳಗಿಟ್ಟು ಮಣಿಕಟ್ಟು ತಿರುಗಿಸಬೇಕು, ಕುತ್ತಿಗೆ ಹೊರಳಿಸಬೇಕು, ಪಕ್ಕದವಳ ಮುಖ ನೋಡಿ ನಗಬೇಕು, ಕೊನೆಗೆ ‘ನಾನು ನನಗೆ ಬೇಕಾದವಳು’ ಎಂದು ಮೂರು ಸಲ ಹೇಳಬೇಕು. ಮೊದಲ ವರ್ಷ ಎಲ್ಲ ಹಾಗೆಯೇ ನಡೆಯಿತು. ಸಾಲಿನ ಕೊನೆಯ ಯಾನೆತ್, ‘ನಾನು ನನ್ನ ಗಂಡನಿಗೆ ಬೇಡವಾದವಳು’ ಎಂದು ರಾಗ ಎಳೆದು ಎಲ್ಲರ ನಗುವನ್ನೂ ನಿಜದ ನಗುವಾಗಿಸುತ್ತಿದ್ದಳು. ಐದು ನಿಮಿಷವಾದರೂ ಬೆನ್ನು ನೆಟ್ಟಗಾಗುತ್ತಿತ್ತು ಎನ್ನುವುದನ್ನು ಸುಳ್ಳೆನ್ನಲಾಗದು.

ಆಮೇಲೆ ಪ್ರೇಮಿಗಳ ದಿನದ ಸುಗ್ಗಿ ಬಂತು. ಎಲ್ಲಿಯೋ ಯಾರೋ ಯಾರಿಗೋ ಪ್ರೀತಿ ತೋರಿಸಬೇಕಾದಾಗಲೆಲ್ಲ ಈ ಬಯಲಿನ ಹೆಂಗಸರು ಹದಿನಾಲ್ಕು ಗಂಟೆ ನಿಲ್ಲಬೇಕು. ಜನವರಿಯ ಮಧ್ಯದಿಂದ ಫೆಬ್ರವರಿಯ ಹತ್ತರವರೆಗೆ ಹೂವು ಹೊಳೆಯಂತೆ ಬರುತ್ತದೆ. ಮುಳ್ಳು ಸವರು, ಉದ್ದ ಅಳೆ, ಇಪ್ಪತ್ತೈದಕ್ಕೊಂದು ಕಟ್ಟು, ರಟ್ಟು ಸುತ್ತು, ಬುಡ ಕತ್ತರಿಸು, ನೀರಿಗಿಳಿಸು. ದಿನದ ಲೆಕ್ಕದಷ್ಟು ಕಟ್ಟು ಆಗದವಳು ಆಗುವವರೆಗೆ ನಿಲ್ಲಬೇಕು. ಬೆತುಲಿಯಾ ಎನ್ನುವವಳಿಗೆ ಆಗ ನಲವತ್ತೈದಾಗಿತ್ತು. ದಿನವೂ ಐದಾರು ಕಟ್ಟು ಕಡಿಮೆ ಬಿದ್ದು ಅವಳೊಬ್ಬಳೇ ಉಳಿದುಬಿಡುತ್ತಿದ್ದಳು. ಎದಿಲ್ಮಾಳ ಮಗಳನ್ನು ಚರ್ಚಿನಲ್ಲಿ ಜ್ಞಾನಸ್ನಾನಕ್ಕೆ ಧರ್ಮತಾಯಿಯಾಗಿ ಎತ್ತಿ ಹಿಡಿದವಳು ಅವಳೇ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಕೊಮಾದ್ರೆ’ ಎನ್ನುತ್ತಿದ್ದರು, ಹೆಸರು ಹಿಡಿದು ಕರೆದದ್ದೇ ಕಡಿಮೆ. ಅವಳ ಸಂಕಟ ನೋಡಲಾರದೆ ಎದಿಲ್ಮಾಳೇ ಒಂದು ದಿನ ಉಪಾಯ ಹೇಳಿದಳು. ಈ ಹಾಡು, ಈ ಕುಣಿತ ಸುಗ್ಗಿ ಮುಗಿಯುವವರೆಗೆ ಬೇಡ. ಎರಡು ಸಲದ ಹತ್ತು ನಿಮಿಷದಲ್ಲಿ ಆರು ಕಟ್ಟು ಆಗುತ್ತದೆ. ಕೈ ಒದ್ದೆಯಾದ ಮೇಲೆ ಕಾಗದ ಮುಟ್ಟುವಂತಿಲ್ಲವಲ್ಲ, ಸೋಮವಾರವೇ ಇಡೀ ವಾರಕ್ಕೆ ಸಹಿ ಮಾಡಿಬಿಡೋಣ. ಎಲ್ಲರೂ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತೇವೆ.

ಎಲ್ಲರೂ ಹೂಂ ಅಂದರು. ಮೇಲ್ವಿಚಾರಕ ದೊನ್ ಎವೆರಾರ್ದೊ ಕಂಡೂ ಕಾಣದವನಂತೆ ಮುಖ ಆ ಕಡೆ ತಿರುಗಿಸಿಕೊಂಡ. ಆ ವರ್ಷದ ಸುಗ್ಗಿಯಲ್ಲಿ ಮೂರನೆಯ ಶೆಡ್ಡು ಎಲ್ಲರಿಗಿಂತ ಹೆಚ್ಚು ಕಟ್ಟಿತು. ಸುಗ್ಗಿ ಮುಗಿಯಿತು, ವಿಶ್ರಾಂತಿ ಮರಳಲಿಲ್ಲ. ಮೂವತ್ತನಾಲ್ಕು ಜನ ಇಷ್ಟು ಕಟ್ಟಬಲ್ಲರು ಎಂದು ಗೊತ್ತಾದ ಮೇಲೆ ಕಂಪನಿ ಆ ಆರು ಕಟ್ಟನ್ನೂ ಎಲ್ಲ ಶೆಡ್ಡುಗಳ ದಿನದ ಲೆಕ್ಕಕ್ಕೆ ಸೇರಿಸಿಬಿಟ್ಟಿತ್ತು. ಹೆಂಗಸರು ತಮ್ಮ ಕೈಯಾರೆ ಕೊಟ್ಟ ಹತ್ತು ನಿಮಿಷ ತೋಟದ್ದಾಯಿತು. ಸಹಿ ಮಾತ್ರ ಅವರದಾಗಿಯೇ ಉಳಿಯಿತು. ಎರಡು ವರ್ಷ, ವಾರ ತಪ್ಪದೆ.

ಕಳೆದ ಅಕ್ಟೋಬರಿನಲ್ಲಿ ಬೆತುಲಿಯಾಳ ಬಲಗೈ ಸತ್ತಿತು. ಮೊದಲು ಬೆರಳು ಜುಮ್ಮೆನ್ನುತ್ತಿದ್ದವು. ಆಮೇಲೆ ಬೆಲ್ಲದ ನೀರಿನ ಲೋಟ ಹಿಡಿದದ್ದು ಹಿಡಿದಂತೆಯೇ ಜಾರಿ ಬೀಳತೊಡಗಿತು. ಹೆಬ್ಬೆರಳಿನ ಬುಡದ ಮಾಂಸ ಬತ್ತಿ ಕುಳಿಯಾಯಿತು. ಮಣಿಕಟ್ಟಿನ ನರ ಹಿಸುಕಿಹೋಗಿದೆ ಎಂದರು ಫಾಕಾ ಊರಿನ ಆಸ್ಪತ್ರೆಯವರು. ಮೊಣಕೈಯಿಂದ ಬೆರಳಿನವರೆಗೆ ಪಟ್ಟಿ ಬಿಗಿದರು. ಎಡಗೈಯಿಂದ ಅವಳು ಹೂವು ಕಟ್ಟಿದಳು, ಆದರೆ ಎಡಗೈಯಲ್ಲಿ ಹೆಸರು ಬರೆಯಲು ಬರಲಿಲ್ಲ. ಸೋಮವಾರದ ಸಾಲು ನಿಲ್ಲಬಾರದಲ್ಲ ಎಂದು ಅವಳ ಹನ್ನೆರಡು ಸಹಿಯನ್ನು ಎದಿಲ್ಮಾಳೇ ಹಾಕತೊಡಗಿದಳು.

ಈ ರೋಗ ಕೆಲಸದಿಂದ ಬಂದದ್ದು ಎಂದು ತೀರ್ಮಾನವಾದರೆ ಬೆತುಲಿಯಾಳನ್ನು ಕೆಲಸದಿಂದ ತೆಗೆಯುವಂತಿಲ್ಲ, ಹಗುರ ಕೆಲಸ ಕೊಡಬೇಕು, ಕೈಯ ಖರ್ಚು ವಿಮೆಯದು. ಕೆಲಸದಿಂದ ಬಂದದ್ದಲ್ಲ ಎಂದಾದರೆ ಅದು ಸಾಮಾನ್ಯ ರೋಗ. ಸಾಮಾನ್ಯ ರೋಗದ ಹೆಂಗಸನ್ನು ಯಾವ ತೋಟವೂ ಇಟ್ಟುಕೊಳ್ಳುವುದಿಲ್ಲ. ಬೆತುಲಿಯಾ ಅರ್ಜಿ ಹಾಕಿದಳು. ಕಂಪನಿ ಒಂದು ದಪ್ಪ ಕಡತ ಕಳಿಸಿತು. ಕಡತದಲ್ಲಿ ನೂರು ವಾರದ ಹಾಳೆ. ಈ ಹೆಂಗಸು ದಿನಕ್ಕೆರಡು ಸಲ ಕೈಗೆ ವಿಶ್ರಾಂತಿ ಕೊಟ್ಟಿದ್ದಾಳೆ, ಒಂದು ದಿನವೂ ತಪ್ಪಿಲ್ಲ, ಇಗೋ ಅವಳದೇ ಸಹಿ. ಹಾಗಾದರೆ ಕೈ ಹೋದದ್ದು ಮನೆಯಲ್ಲಿ. ಬಟ್ಟೆ ಹಿಂಡಿ, ಹಿಟ್ಟು ನಾದಿ, ಉಣ್ಣೆ ಹೆಣೆದು.

‘ಉಣ್ಣೆ ಅಂತೆ,’ ಎಂದಳು ಬೆತುಲಿಯಾ ಆ ಕಾಗದ ಓದಿಸಿಕೊಂಡು. ‘ನಂಗೆ ಗುಂಡಿ ಹೊಲಿಯೋಕೂ ಬರಲ್ಲ ಅನ್ನೋದು ಊರಿಗೆಲ್ಲ ಗೊತ್ತು.’

ವಿಮೆ ಕಂಪನಿಯ ತನಿಖೆಯವನು ಬುಧವಾರ ಬಂದು ಶೆಡ್ಡು ನೋಡುತ್ತಾನೆ, ವಿಶ್ರಾಂತಿಯ ಮುಖಂಡಳನ್ನು ವಿಚಾರಿಸುತ್ತಾನೆ ಎಂದು ತಿಳಿಯಿತು. ಎದಿಲ್ಮಾ ಲೆಕ್ಕ ಹಾಕಿದಳು. ನಿಜ ಹೇಳಿದರೆ ತಾನು ಎರಡು ವರ್ಷ ಸುಳ್ಳು ಹಾಳೆ ಮಾಡಿಸಿದ್ದನ್ನು ಒಪ್ಪಿಕೊಂಡಂತೆ. ಇನ್ನೊಬ್ಬಳ ಸಹಿ ಹಾಕಿದ್ದೂ ಹೊರಬೀಳುತ್ತದೆ. ಕೆಲಸ ಹೋಗುವುದು ಖಂಡಿತ, ಪೊಲೀಸು ಬಂದರೂ ಬರಬಹುದು. ತಾನೊಬ್ಬಳೇ ಅಲ್ಲ, ಸಹಿ ಹಾಕಿದ ಮೂವತ್ತನಾಲ್ಕೂ ಜನ ಸಿಕ್ಕಿಬೀಳುತ್ತಾರೆ. ಹೇಳದಿದ್ದರೆ ಬೆತುಲಿಯಾ ಬೀದಿಗೆ. ಊಟದ ಹೊತ್ತಿನಲ್ಲಿ ಹೆಂಗಸರು ಜೋಳದ ರೊಟ್ಟಿ ಕೈಯಲ್ಲಿ ಹಿಡಿದು ಪಿಸುಗುಟ್ಟಿದರು. ಪಾಪ ಬೆತುಲಿಯಾ ಎಂದರು, ಮಕ್ಕಳ ಶಾಲೆ ಎಂದರು, ಬಾಡಿಗೆ ಎಂದರು. ಯಾನೆತ್ ಮಾತ್ರ ಬಾಯಿ ಬಿಟ್ಟು ಕೇಳಿದಳು.

‘ಅವಳ ಒಂದು ಕೈಗೆ ನಮ್ಮ ಅರವತ್ತೆಂಟು ಕೈ ಕೊಡ್ತೀಯಾ ಎದಿಲ್ಮಾ? ಈ ಸೋಮವಾರದ ಸಹಿಯ ಪದ್ಧತಿ ತಂದವಳು ಯಾರು? ನಾನಾ?’

ತಂದವಳು ಎದಿಲ್ಮಾಳೇ. ಅದೇ ಅವಳ ಎದೆಯ ಮೇಲೆ ಕೂತಿತ್ತು. ಐದು ನಿಮಿಷ ಒಂದೆಡೆ ಕೂತು ಯೋಚಿಸೋಣವೆಂದರೆ ಐದು ನಿಮಿಷ ಎಲ್ಲಿತ್ತು? ಶೆಡ್ಡಿನಲ್ಲಿ ಕಟ್ಟು, ಮನೆಯಲ್ಲಿ ಒಲೆ, ಬಸ್ಸಿನಲ್ಲಿ ನಿಂತೇ ನಿದ್ದೆ. ಆ ಸೋಮವಾರವಂತೂ ಹಾಳೆಗಳ ಕಟ್ಟನ್ನು ದೊನ್ ಎವೆರಾರ್ದೊನೇ ತಂದು, ಲಾರಿ ಬಂದು ನಿಂತಿದೆ, ಬೇಗ ಬೇಗ ಎಂದು ಅವಸರಪಡಿಸಿದ. ಮಾಮೂಲಿಗಿಂತ ಹೆಚ್ಚು ಹಾಳೆಗಳಿದ್ದವು. ಎದಿಲ್ಮಾ ತನ್ನದನ್ನೂ ಬೆತುಲಿಯಾಳದನ್ನೂ ಗೀಚಿ ಕೊಟ್ಟಳು.

ಮಂಗಳವಾರ ಸಂಜೆ ಮನೆಗೆ ಹೊರಟಾಗ ಗಟ್ಟಿ ಮನಸ್ಸು ಮಾಡಿದಳು. ಬೇರೇನೂ ಯೋಚಿಸಿಯಲ್ಲ, ಬೆತುಲಿಯಾ ಬಸ್ಸಿನ ಕಂಬಿ ಹಿಡಿಯಲಾರದೆ ಮೊಣಕೈ ಸಿಕ್ಕಿಸಿ ನಿಂತಿದ್ದನ್ನು ನೋಡಿ. ಅವಳ ಕಿವಿಗೆ ಬಾಯಿಟ್ಟು, ನಾಳೆ ಎಲ್ಲ ಹೇಳಿಬಿಡುತ್ತೇನೆ ಕೊಮಾದ್ರೆ ಎಂದಳು. ಬೆತುಲಿಯಾ ಕಿಟಕಿಯ ಆಚೆ ಗುಲಾಬಿ ತೋಟಗಳ ಪ್ಲಾಸ್ಟಿಕ್ ಹೊದ್ದ ಬಯಲು ನೋಡುತ್ತಾ ನಿಂತಳು.

ಬುಧವಾರ ಬೆಳಿಗ್ಗೆ ತೋಟದ ಗೇಟಿನಲ್ಲೇ ಡಾಕ್ಟರಮ್ಮ ಹಿಮೆನಾ ಕಾಯುತ್ತಿದ್ದಳು. ಈ ಡಾಕ್ಟರಮ್ಮ ರೋಗಿಯ ನಾಡಿ ಹಿಡಿದವಳಲ್ಲ. ಆಫೀಸಿನಲ್ಲಿ ಕುರ್ಚಿ ಇರುವವರನ್ನೆಲ್ಲ ಡಾಕ್ಟರೆನ್ನುವುದು ಅಲ್ಲಿನ ರೂಢಿ. ಕಾರ್ಮಿಕರ ಕ್ಷೇಮದ ವಿಭಾಗ ಅವಳದು. ಕೈಯಲ್ಲೊಂದು ಪ್ರಶಸ್ತಿ ಪತ್ರ, ಹಿಂದೆ ಗುರುಗುಟ್ಟುತ್ತಿದ್ದ ಒಂದು ಸಣ್ಣ ಬಸ್ಸು. ವಿಶ್ರಾಂತಿಯಲ್ಲಿ ನೂರಕ್ಕೆ ನೂರು ಹಾಜರಿ ಇದ್ದ ನಾಲ್ಕು ಶೆಡ್ಡುಗಳ ಮುಖಂಡರಿಗೆ ಕಂಪನಿಯ ಬಹುಮಾನ: ‘ನಿನಗಾಗಿ ಒಂದು ದಿನ’. ಬೆಟ್ಟದ ಆಚೆಯ ಬಿಸಿನೀರಿನ ಕೊಳದಲ್ಲಿ ಮೀಯುವುದು, ಉಣ್ಣುವುದು, ಹಗುರಾಗುವುದು. ಎದಿಲ್ಮಾ ಬರಲಾರೆ ಎಂದಳು. ಇವತ್ತು ತನಿಖೆಯವರು ಬರುತ್ತಾರೆ, ತನ್ನನ್ನು ವಿಚಾರಿಸುತ್ತಾರೆ. ಅವರು ಬರುವುದು ಮಧ್ಯಾಹ್ನ ಮೂರಕ್ಕೆ, ಬಸ್ಸು ಎರಡಕ್ಕೆಲ್ಲ ವಾಪಸ್ಸು ಎಂದಳು ಹಿಮೆನಾ, ಬೆನ್ನ ಮೇಲೆ ಕೈಯಿಟ್ಟು. ಮೂವರು ಮುಖಂಡರು ಆಗಲೇ ಬಸ್ಸಿನೊಳಗೆ ಕೂತಿದ್ದರು. ಹೊರಗೆ ದೊನ್ ಎವೆರಾರ್ದೊ ನಿಂತು, ಕೊಟ್ಟ ಬಹುಮಾನ ಒಲ್ಲೆ ಅನ್ನುವವರ ಮನಸ್ಸಿನಲ್ಲಿ ಏನೋ ಇರುತ್ತದೆ ಎಂದು ಯಾರಿಗೂ ಅಲ್ಲದಂತೆ ಹೇಳಿದ. ಬಸ್ಸಿನ ಬಾಗಿಲು ಮುಚ್ಚಿತು.

ಕೊಳದ ಮನೆಯಲ್ಲಿ ಬಟ್ಟೆ ಬಿಚ್ಚಿಸಿ ಈಜುಡುಗೆ ಕೊಟ್ಟರು, ಬಿಳಿಯ ಟವೆಲ್ ನಿಲುವಂಗಿ ಕೊಟ್ಟರು, ರಬ್ಬರಿನ ಚಪ್ಪಲಿ ಕೊಟ್ಟರು. ಬಟ್ಟೆ, ಚೀಲ, ಫೋನು ಎಲ್ಲ ಕಪಾಟಿಗೆ. ಇವತ್ತು ಹೊರಗಿನ ಪ್ರಪಂಚ ಬೇಡ ಎಂದು ಹಿಮೆನಾ ನಾಲ್ಕೂ ಬೀಗದ ಕೈಗಳನ್ನು ತನ್ನ ಮಣಿಕಟ್ಟಿಗೆ ಸುತ್ತಿಕೊಂಡಳು. ನೀರು ಗಂಧಕದ ವಾಸನೆ ಹೊಡೆಯುತ್ತಿತ್ತು. ಎದಿಲ್ಮಾಳ ಮೈ ನೀರಿಗಿಳಿದ ಕೂಡಲೇ ಅವಳ ಅಪ್ಪಣೆ ಕೇಳದೆ ಸಡಿಲವಾಯಿತು. ಹನ್ನೊಂದು ವರ್ಷದ ಬೆನ್ನು, ಹನ್ನೊಂದು ವರ್ಷದ ಹಿಮ್ಮಡಿ, ಬಿಸಿಯೊಳಗೆ ಕರಗುತ್ತ ಬಂದವು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಈ ಸುಖ ಇಷ್ಟು ನಿಜವಾಗಿರಬೇಕಿತ್ತೆ? ಒಬ್ಬಳ ಕೈಯನ್ನು ನುಂಗಿ ಕೊಟ್ಟ ಬಹುಮಾನ ಇಷ್ಟು ಬೆಚ್ಚಗಿರಬೇಕಿತ್ತೆ? ಪಕ್ಕದಲ್ಲಿ ಮಿಕ್ಕ ಮೂವರು ತಲೆಗೆ ಹಳದಿ ಟೋಪಿ ಇಟ್ಟು ಫೋಟೋಗೆ ನಗುತ್ತಿದ್ದರು. ಅವಳೂ ಕತ್ತಿನವರೆಗೆ ಮುಳುಗಿ ಕೂತು ನಕ್ಕಳು.

ಎಷ್ಟು ಗಂಟೆ ಎಂದು ಮೂರು ಸಲ ಕೇಳಿದಳು. ಗಡಿಯಾರ ಮರೆಯಿರಿ ಎಂಬ ಉತ್ತರ ಮೂರು ಸಲ ಬಂತು. ನಾಲ್ಕನೆಯ ಸಲ, ಎರಡಕ್ಕೆ ಹೊರಡುವುದು ಖಂಡಿತವೇ ಎಂದು ಕೇಳಿದಾಗ ಹಿಮೆನಾ ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ಹತ್ತಿರದಿಂದ ನೋಡಿದರೆ ಅವಳ ಕಣ್ಣ ಕೆಳಗೂ ಕಪ್ಪು. ಬೆಳಗಿನಿಂದ ಅವಳ ಫೋನು ಒಂದು ಕ್ಷಣ ಸುಮ್ಮನಿರಲಿಲ್ಲ. ಎದೆಯುರಿಯ ಮಾತ್ರೆ ಚೀಪುತ್ತಲೇ ಇದ್ದಳು.

‘ಊಟ ಆಗಿ, ಮೈ ತಿಕ್ಕಿಸ್ಕೊಂಡು ಹೊರಡೋ ಹೊತ್ತಿಗೆ ಐದಾಗತ್ತೆ ಎದಿಲ್ಮಾ. ತನಿಖೆ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅವ್ರು ಹತ್ತಕ್ಕೇ ಬಂದಾಯ್ತು. ನಿಮ್ಮ ಹೇಳಿಕೆ ಕಡತದಲ್ಲಿದೆ, ನೀವೇ ಸೋಮವಾರ ಸಹಿ ಹಾಕಿದೀರಲ್ಲ.’

‘ಯಾವ ಹೇಳಿಕೆ?’

‘ವಿಶ್ರಾಂತಿ ಒಂದು ದಿನಾನೂ ತಪ್ಪಿಲ್ಲ ಅಂತ. ಹಾಳೆಗಳ ಜೊತೇಲೇ ಇತ್ತು.’ ಹಿಮೆನಾ ಅವಳ ಒದ್ದೆ ಭುಜ ಮುಟ್ಟಿದಳು. ‘ನೋಡಿ, ನಿಮ್ಮನ್ನ ಕಷ್ಟಕ್ಕೆ ಸಿಕ್ಕಿಸಬಾರ್ದು ಅಂತಾನೇ ಹೀಗೆ ಮಾಡಿದ್ದು. ಇಂಥ ಒಂದು ದಿನ ನಂಗೆ ಸಿಕ್ಕಿದ್ರೆ ನಾನು ದುಡ್ಡು ಕೊಟ್ಟು ತಗೋತೀನಿ.’

ಎದಿಲ್ಮಾಳ ಕಿವಿಯಲ್ಲಿ ನೀರು ಹೊಕ್ಕಂತಾಯಿತು. ಬೆಚ್ಚನೆಯ ನೀರು ಸುತ್ತ ಗೋಡೆಯಂತೆ ನಿಂತಿತು. ಸೋಮವಾರದ ದಪ್ಪ ಕಟ್ಟು, ಲಾರಿ ಬಂದಿದೆ ಎಂಬ ಅವಸರ, ಒಂದೊಂದರ ಕೆಳಗೂ ಗೀಚುತ್ತ ಹೋದ ತನ್ನ ಕೈ. ಮಂಗಳವಾರ ಸಂಜೆ ಬಸ್ಸಿನಲ್ಲಿ ತಾನು ಧೈರ್ಯ ಕೂಡಿಸುತ್ತಿದ್ದಾಗ ಅದಕ್ಕೆ ವಿರುದ್ಧವಾಗಿ ತನ್ನ ಸಹಿ ಒಂದು ದಿನ ಹಳೆಯದಾಗಿತ್ತು. ಇವರು ಗಾಯಕ್ಕೆ ಮದ್ದು ಕೇಳಿದರೆ ನಗು ಕೊಡುತ್ತಾರೆ, ನಗಲಾರೆ ಎಂದರೆ ನಿನ್ನ ಮನಸ್ಸು ಸರಿಯಿಲ್ಲ ಎನ್ನುತ್ತಾರೆ, ಮನಸ್ಸು ಸರಿಮಾಡಲು ಬೀಗ ಹಾಕಿದ ಜಾಗಕ್ಕೆ ತಂದು ಬಿಸಿನೀರಲ್ಲಿ ಕೂರಿಸುತ್ತಾರೆ.

ಮೇಲೆದ್ದು ಬೀಗದ ಕೈ ಕೇಳಿದಳು. ಹಿಮೆನಾ ನಗುತ್ತಲೇ ತಲೆಯಾಡಿಸಿದಳು, ಐದು ಗಂಟೆಗೆ ಎಂದಳು. ಈ ದಿನ ನಿಮ್ಮದು, ಯಾರೂ ಕಿತ್ತುಕೊಳ್ಳಲಾರರು ಎಂದಳು. ಎದಿಲ್ಮಾ ಇನ್ನೊಮ್ಮೆ ಕೇಳಲಿಲ್ಲ. ಒದ್ದೆ ಈಜುಡುಗೆಯ ಮೇಲೆ ನಿಲುವಂಗಿ ಎಳೆದುಕೊಂಡು, ರಬ್ಬರ್ ಚಪ್ಪಲಿ ಮೆಟ್ಟಿ, ಟಿಕೆಟ್ ಕೊಡುವವನ ಮುಂದೆಯೇ ರಸ್ತೆಗಿಳಿದಳು. ಹಿಂದಿನಿಂದ ಹಿಮೆನಾ ಎರಡು ಸಲ ಕೂಗಿದಳು. ಮೂರನೆಯ ಸಲ ಕೂಗುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

ಹಾಲಿನ ಲಾರಿಯೊಂದು ನಿಂತಿತು. ಮುದುಕ ಚಾಲಕ ಮೇಲಿನಿಂದ ಕೆಳಗೆ ಅವಳನ್ನು ನೋಡಿ ಬಾಗಿಲು ತೆಗೆದ.

‘ಎಲ್ಲಿಂದ ಓಡಿ ಬಂದ್ಯಮ್ಮಾ, ಆಸ್ಪತ್ರೆಯಿಂದಲೋ ಮಠದಿಂದಲೋ?’

‘ವಿಶ್ರಾಂತಿಯಿಂದ,’ ಎಂದಳು.

ಅವನು ಮತ್ತೇನೂ ಕೇಳದೆ ತನ್ನ ಉಣ್ಣೆಯ ಹೊದಿಕೆ ತೊಡೆಯ ಮೇಲೆ ಹಾಕಿದ. ಬೆಟ್ಟ ಇಳಿಯುತ್ತಿದ್ದಂತೆ ಬಯಲು ಕಾಣಿಸಿತು, ಮೈಲುಗಟ್ಟಲೆ ಬಿಳಿಯ ಪ್ಲಾಸ್ಟಿಕ್ಕು. ಅದರಡಿಯ ಯಾವ ಮೂಲೆಯಲ್ಲಿ ಬೆತುಲಿಯಾ ಈಗ ಒಬ್ಬಳೇ ನಿಂತು ಉತ್ತರ ಹೇಳುತ್ತಿರಬಹುದು ಎಂದು ಎದಿಲ್ಮಾ ಕಣ್ಣಲ್ಲೇ ಹುಡುಕಿದಳು. ನಿಂತಿರಬಹುದು ಎದುರಿಗಿಟ್ಟ ಹಾಳೆಗಳ ಮುಂದೆ, ಬಾರದ ಸಾಕ್ಷಿಯ ದಾರಿ ಕಾಯುತ್ತ. ದಾರಿ ಮುಗಿಯಲೊಲ್ಲದು. ಗದ್ದೆಯ ಹಸುಗಳು ರಸ್ತೆ ದಾಟುವವರೆಗೆ ಲಾರಿ ನಿಂತಿತು, ಚೆಕ್‌ಪೋಸ್ಟಿನಲ್ಲಿ ನಿಂತಿತು, ಡೈರಿಯ ಮುಂದೆ ಕ್ಯಾನು ಇಳಿಸಲು ನಿಂತಿತು. ತೋಟದ ತಿರುವಿನಲ್ಲಿ ಇಳಿಯುವಾಗ ಹನ್ನೆರಡು ದಾಟಿತ್ತು. ಹೊದಿಕೆ ವಾಪಸು ಕೊಟ್ಟಳು, ಅವನು ಬೇಡವೆಂದರೂ.

ಗೇಟಿನಲ್ಲಿ ಕಾವಲಿನ ಅಬ್ದೊನ್ ಅವಳನ್ನು ಕಂಡು ಎದ್ದು ನಿಂತ. ಹನ್ನೊಂದು ವರ್ಷ ದಿನವೂ ಗುಡ್ ಮಾರ್ನಿಂಗ್ ಹೇಳಿದವನು ಇವತ್ತು ಪಟ್ಟಿ ತೆಗೆದು ನೋಡಿದ.

‘ನಿಂಗೆ ರಜಾ ಕಣಮ್ಮ ಇವತ್ತು. ರಜಾದಲ್ಲಿರೋರನ್ನ ಒಳಗೆ ಬಿಡಬಾರ್ದು ಅಂತ ಬೆಳಿಗ್ಗೆ ಆರ್ಡರ್ ಬಂದಿದೆ.’

‘ತನಿಖೆಯವನು ಹೋದ್ನಾ?’

‘ಇದಾನೆ.’ ಅಬ್ದೊನ್ ದನಿ ತಗ್ಗಿಸಿದ. ಹತ್ತು ಗಂಟೆಗೆ ಆ ಮನುಷ್ಯ ಬಂದ ಕೂಡಲೇ ಎಲ್ಲ ಶೆಡ್ಡಿನಲ್ಲೂ ಹಾಡು ಹಾಕಿದರಂತೆ. ಎರಡು ವರ್ಷದಿಂದ ಕೇಳದ ಹಾಡು. ಎಲ್ಲರೂ ಕೈ ಎತ್ತಿ ಆಡಿದರಂತೆ, ನಕ್ಕರಂತೆ. ಬೆತುಲಿಯಾ ಒಬ್ಬಳು ಎತ್ತಲಿಲ್ಲವಂತೆ. ಎತ್ತಲಾಗಲಿಲ್ಲ ಎನ್ನುವುದನ್ನು ಒಲ್ಲೆನೆಂದಳು ಎಂದು ಬರೆದುಕೊಂಡರಂತೆ.

ಅಬ್ದೊನ್ ಒಳಗೆ ಫೋನು ಮಾಡಿದ. ದೊನ್ ಎವೆರಾರ್ದೊ ಬಂದು ಸರಳಿನ ಆಚೆ ನಿಂತ. ಅವನು ಬೈಯಲಿಲ್ಲ. ಬೈದಿದ್ದರೆ ಎದಿಲ್ಮಾಳಿಗೆ ಹಗುರವಾಗುತ್ತಿತ್ತು. ನಿಲುವಂಗಿಯನ್ನು ನೋಡಿ ಕಣ್ಣು ಕೆಳಗೆ ಮಾಡಿ, ಹಾಳೆ ಸುಳ್ಳು ಎಂದು ಹೇಳುವವಳು ಮೊದಲು ತನ್ನ ಕೈಯನ್ನು ನೋಡಿಕೊಳ್ಳಬೇಕು ಎಂದ. ಇನ್ನೊಬ್ಬರ ಸಹಿ ಹಾಕುವುದಕ್ಕೆ ಕಾನೂನಿನಲ್ಲಿ ಏನೆನ್ನುತ್ತಾರೆ ಗೊತ್ತಿದೆಯೇ ಎಂದ. ಅವಳ ಮಗಳ ಹೆಸರು ಹಿಡಿದು, ಈ ವರ್ಷ ಶಾಲೆ ಮುಗಿಸುತ್ತಾಳಲ್ಲವೇ ಎಂದು ಕೇಳಿದ. ಮನೆಗೆ ಹೋಗಿ ಮಲಗು, ನಾಳೆ ಏನೂ ಆಗದಂತೆ ಬಾ ಎಂದ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಮುಂದೆ ಕಬ್ಬಿಣದ ಗೇಟು, ಹಿಂದೆ ಬೀಗದೊಳಗಿನ ಬಟ್ಟೆ, ನಡುವೆ ಒದ್ದೆ ಮೈಯ ಹೆಂಗಸು. ಬಯಲ ಗಾಳಿಗೆ ಅವಳ ಹಲ್ಲು ಕಟಕಟ ಎನ್ನುತ್ತಿದ್ದವು.

‘ಇಲ್ಲೇ ನಿಲ್ತೀನಿ,’ ಎಂದಳು. ‘ರಸ್ತೆ ನಿಮ್ಮದಲ್ಲವಲ್ಲ.’

ಒಂದು ಗಂಟೆಯ ಹೊತ್ತಿಗೆ ಬೂದು ಬಣ್ಣದ ಕಾರು ಹೊರಬಂತು. ಎದಿಲ್ಮಾ ಅದರ ಮೂತಿಗೆ ಅಡ್ಡ ನಿಂತಳು. ಚಾಲಕನ ಸೀಟಿನಲ್ಲಿದ್ದವನು ಇನ್ನೂ ಮೂವತ್ತು ತುಂಬದವನು, ಬಾಯಲ್ಲಿ ಅರ್ಧ ಕಚ್ಚಿದ ಚೀಸ್ ಬನ್ನು. ಇನ್ನೂ ಮೂರು ತೋಟ ನೋಡಬೇಕು, ದಾರಿ ಬಿಡಿ ಎಂದು ಕೈ ಮಾಡಿದ. ಅವಳು ಹೆಸರು ಹೇಳಿದಳು. ಅವನು ಕಡತ ತೆರೆದು ನೋಡಿ, ನಿಮ್ಮ ಹೇಳಿಕೆ ಬಂದಿದೆಯಲ್ಲ, ಇದು ನಿಮ್ಮ ಸಹಿ ಅಲ್ಲವೇ ಎಂದ. ನನ್ನದೇ, ಓದದೆ ಹಾಕಿದ್ದು ಎಂದಳು. ಹಾಳೆಗಳೂ ಅಷ್ಟೇ. ವಿಶ್ರಾಂತಿಯನ್ನು ಎರಡು ವರ್ಷದಿಂದ ಯಾರೂ ಕಂಡಿಲ್ಲ, ಸೋಮವಾರ ಎಲ್ಲದಕ್ಕೂ ಮುಂಗಡ ಸಹಿ ಆಗುತ್ತದೆ, ಶುರು ಮಾಡಿದವಳೂ ನಾನೇ.

‘ಅಮ್ಮಾ,’ ಎಂದ ಅವನು ಬನ್ನು ಕೆಳಗಿಟ್ಟು, ‘ಒಂದು ಕಾಗದದಲ್ಲಿ ಹೌದು ಅಂತೀರಿ, ಬಾಯಲ್ಲಿ ಇಲ್ಲ ಅಂತೀರಿ. ನಾನು ಯಾವುದನ್ನ ನಂಬಲಿ? ಸಾಕ್ಷಿ ಏನಿದೆ?’

ಸರಳಿನ ಆಚೆಯಿಂದ ದೊನ್ ಎವೆರಾರ್ದೊ ನೋಡುತ್ತಿದ್ದ. ತನಗೆ ಉಳಿದ ಒಂದೇ ಒಂದು ಬಾಗಿಲು ತನ್ನದೇ ಅಪರಾಧದ ಬಾಗಿಲು ಎಂದು ಎದಿಲ್ಮಾಳಿಗೆ ಆಗ ಹೊಳೆಯಿತು.

‘ಬೆತುಲಿಯಾ ಹೆಸರಿನ ಸಾಲು ತೆಗೀರಿ,’ ಎಂದಳು. ‘ಸೆಪ್ಟೆಂಬರಿನದೊಂದು, ಈ ವಾರದ್ದೊಂದು. ಪಕ್ಕ ಪಕ್ಕ ಇಡಿ.’

ಅವನು ಬೇಸರದಿಂದಲೇ ಇಳಿದು ಕಾರಿನ ಮೂತಿಯ ಮೇಲೆ ಹಾಳೆ ಹರಡಿದ. ಅವಳು ಅವನ ಜೇಬಿನ ಪೆನ್ನು ತೆಗೆದುಕೊಂಡು ಬನ್ನು ಸುತ್ತಿದ್ದ ಕಾಗದದ ಮೇಲೆ ಬೆತುಲಿಯಾಳ ಹೆಸರನ್ನು ಬರೆದಳು. ಒಂದು ಸಲ, ಎರಡು ಸಲ, ಹನ್ನೆರಡು ಸಲ, ಸೋಮವಾರದ ವೇಗದಲ್ಲಿ, ನಿಲ್ಲಿಸದೆ. ಕೊನೆಯ ಅಕ್ಷರದ ಬಾಲ ಪ್ರತಿಸಲವೂ ಎಡಕ್ಕೆ ಹೊರಳಿತು. ಯುವಕ ಬಗ್ಗಿದ. ಸೆಪ್ಟೆಂಬರಿನ ಸಹಿ ದುಂಡಗೆ, ನಿಧಾನವಾಗಿ, ಶಾಲೆಯ ಹುಡುಗಿಯ ಅಕ್ಷರದಂತಿತ್ತು. ಈ ವಾರದ್ದರ ಬಾಲ ಎಡಕ್ಕೆ ಹೊರಳಿತ್ತು. ಅವನು ಡಿಸೆಂಬರಿನದು ತೆಗೆದ. ಎಡಕ್ಕೆ. ನವೆಂಬರಿನದು ತೆಗೆದ. ಎಡಕ್ಕೆ. ಅಕ್ಟೋಬರಿನ ಎರಡನೆಯ ವಾರಕ್ಕೆ ಬಂದು ನಿಂತ. ಅಲ್ಲಿ ದುಂಡು ಅಕ್ಷರ ಮುರಿದು, ಅರ್ಧಕ್ಕೆ ಬಿಟ್ಟು, ಅದರ ಮುಂದೆ ಹೊಸ ಬಾಲ ಶುರುವಾಗಿತ್ತು.

‘ಅವತ್ತು ಪೆನ್ನು ಅವಳ ಕೈಯಿಂದ ಬಿತ್ತು,’ ಎಂದಳು ಎದಿಲ್ಮಾ. ‘ಎತ್ತಿ ಕೊಟ್ಟೆ. ಮತ್ತೆ ಬಿತ್ತು. ಆಮೇಲೆ ನಾನೇ ಹಾಕಿದೆ. ಕೈಗೆ ವಿಶ್ರಾಂತಿ ಸಿಕ್ಕಿದೆ ಅಂತ ಬರೆಯೋಕೂ ಕೈ ಆಗದ ಹೆಂಗಸು, ಉಣ್ಣೆ ಹೆಣೀತಾಳಾ ಸ್ವಾಮೀ?’

ಯುವಕ ಕಡತದಿಂದ ಖಾಲಿ ಹಾಳೆಯೊಂದನ್ನು ತೆಗೆದ. ಇದನ್ನು ಬರೆದರೆ ನಿಮ್ಮ ಮೇಲೂ ಬರುತ್ತದೆ, ಗೊತ್ತಿದೆಯಲ್ಲ ಎಂದು ಕೇಳಿದ. ಗೊತ್ತಿದೆ ಎಂದಳು. ಮಿಕ್ಕ ಹೆಂಗಸರ ಮೇಲೂ ಎಂದ. ಅವಳು ಗೇಟಿನ ಆಚೆ, ಶೆಡ್ಡುಗಳ ಕಡೆ ನೋಡಿದಳು. ಆಮೇಲೆ, ಅವಸರಪಡಿಸಿ ಹಾಕಿಸಿಕೊಂಡವರ ಹೆಸರೂ ಸೇರಿಸಿ ಎಂದಳು.

ಅವನು ಕಾರಿನ ಮೂತಿಯ ಮೇಲೆಯೇ ಬರೆದ, ಒಂದು ಹಾಳೆ, ಮತ್ತರ್ಧ. ತಿರುಗಿಸಿ ಅವಳ ಮುಂದಿಟ್ಟು, ಕೆಳಗೆ ಸಹಿ ಮಾಡಿ, ತಡವಾಯಿತು ಎಂದ. ಎದಿಲ್ಮಾ ಪೆನ್ನು ಹಿಡಿದು ಓದತೊಡಗಿದಳು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಸಾಲು ಸಾಲಾಗಿ. ಅವನು ಗಡಿಯಾರ ನೋಡಿಕೊಂಡ. ಕಾರಿನ ಬಾಗಿಲಿಗೆ ಕೈಯಿಟ್ಟು ತೆಗೆದ. ಏಳನೆಯ ಸಾಲಿನಲ್ಲಿ ಅವಳು ನಿಂತಳು.

‘ಕೆಲವು ದಿನ ವಿಶ್ರಾಂತಿ ತಪ್ಪಿರಬಹುದು ಅಂತ ಬರೆದಿದೀರಿ. ಹೊಡೆದು ಹಾಕಿ. ಒಂದು ದಿನಾನೂ ಇರಲಿಲ್ಲ ಅಂತ ಬರೀರಿ.’

ಹೊಡೆದು ಹಾಕಿದ, ಬರೆದ. ಅವಳು ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಸಹಿ ಮಾಡಿದಳು, ಒಂದೇ ಒಂದು, ತನ್ನ ಹೆಸರಿನದು.

ಇದರಿಂದ ಏನಾಗುತ್ತದೆ ಎಂದು ತಾನು ಹೇಳಲಾರೆ, ಮೇಲಿನವರು ನಾಲ್ವರು ಕೂತು ತೀರ್ಮಾನಿಸುತ್ತಾರೆ ಎಂದು ಯುವಕ ಹೇಳಿ ಹೊರಟುಹೋದ. ಗೇಟಿನ ಬಳಿ ದೊನ್ ಎವೆರಾರ್ದೊ ಇರಲಿಲ್ಲ. ಅಬ್ದೊನ್ ಬೇರೆ ಕಡೆ ನೋಡುತ್ತ ಕೂತಿದ್ದ. ಅವಳು ಚರಂಡಿಯ ದಂಡೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕೂತಳು. ಬಸ್ಸಿಗೆ ಕಾಸಿರಲಿಲ್ಲ. ನಡೆದು ಹೋಗಬಹುದಿತ್ತು, ಹೋಗಲಿಲ್ಲ.

ನಾಲ್ಕಕ್ಕೆ ಗೇಟು ತೆರೆಯಿತು. ಸುದ್ದಿ ಒಳಗೆ ಮೊದಲೇ ಹಬ್ಬಿತ್ತು. ಮೂರನೆಯ ಶೆಡ್ಡಿನ ಹೆಂಗಸರು ಒಬ್ಬರ ಹಿಂದೊಬ್ಬರು ಬಂದರು, ನಿಲುವಂಗಿಯವಳ ಮುಂದೆ ನಡೆದು ಹೋದರು. ಕೆಲವರು ತಲೆ ಬಗ್ಗಿಸಿದರು. ಒಬ್ಬಳು ಉಗುಳಿದಳು, ಅವಳ ಮೇಲಲ್ಲ, ಹತ್ತಿರದಲ್ಲಿ. ಯಾನೆತ್ ನಿಂತಳು.

‘ನಮ್ಮ ಹೆಸರೂ ಹೇಳಿದ್ಯಾ?’

‘ಹೇಳಿದೆ.’

ನಗು ತರಿಸುವ ಮಾತೊಂದು ಯಾನೆತ್ ಬಾಯಲ್ಲಿ ಯಾವಾಗಲೂ ಸಿದ್ಧವಿರುತ್ತಿತ್ತು, ಇವತ್ತು ಬರಲಿಲ್ಲ. ಬಸ್ಸು ನಿಲ್ಲುವ ಕಡೆ ನಡೆದಳು.

ಎಲ್ಲರಿಗಿಂತ ಕೊನೆಗೆ ಬೆತುಲಿಯಾ ಬಂದಳು, ಪಟ್ಟಿ ಬಿಗಿದ ಕೈಯನ್ನು ಎದೆಗೆ ಒತ್ತಿಕೊಂಡು. ಎದಿಲ್ಮಾ ಎದ್ದು ನಿಂತು ನಡೆದದ್ದನ್ನೆಲ್ಲ ಹೇಳಿದಳು, ಕೊಳವನ್ನೂ, ಸೋಮವಾರದ ಹೇಳಿಕೆಯನ್ನೂ, ಬನ್ನಿನ ಕಾಗದವನ್ನೂ. ಬೆತುಲಿಯಾಳ ಮುಖದಲ್ಲಿ ಸಂತೋಷ ಹುಟ್ಟಲಿಲ್ಲ.

‘ನನ್ನದೊಂದು ಕೈ ಹೋಗಿತ್ತು ಕೊಮಾದ್ರೆ,’ ಎಂದಳು. ‘ಈಗ ನಾವಿಬ್ಬರೂ ಹೊರಗೆ.’

‘ಹೂಂ.’

ಸಂಜೆಯ ಗಾಳಿ ಬಯಲಿನಿಂದ ಬೀಸತೊಡಗಿತು. ನಿಲುವಂಗಿಯ ಕಟ್ಟು ಬಿಚ್ಚಿಕೊಂಡು ಹಾರಾಡುತ್ತಿತ್ತು. ಎದಿಲ್ಮಾಳ ಬೆರಳು ಚಳಿಗೆ ಮರಗಟ್ಟಿ ಗಂಟು ಹಾಕಲು ಬರಲಿಲ್ಲ. ಬೆತುಲಿಯಾ ಎಡಗೈ ಚಾಚಿ ಪ್ರಯತ್ನಿಸಿದಳು. ಒಂದೇ ಕೈಯಲ್ಲಿ ಗಂಟು ಬೀಳಲ್ಲ. ಎರಡು ಸಲ ನೋಡಿ ಬಿಟ್ಟಳು. ಬಸ್ಸು ಬರಲು ಇನ್ನೂ ಹೊತ್ತಿತ್ತು. ಅವಳು ಗಾಳಿ ಬರುವ ಕಡೆಗೆ ಹೋಗಿ, ಎದಿಲ್ಮಾಳಿಗೆ ಬೆನ್ನು ಮಾಡಿ, ಅಡ್ಡವಾಗಿ ನಿಂತುಕೊಂಡಳು.